ಬೂದಿಯಾಗದೆ ಹೋದದ್ದು

ಮಾರ್ಚ್ ೪, ಬುಧವಾರ

ಅಪ್ಪ ನನ್ನ ಮನೆಗೆ ಬಂದು ಇವತ್ತಿಗೆ ಹನ್ನೊಂದು ದಿನ. ತಂದದ್ದು ಎರಡು ಪೆಟ್ಟಿಗೆ ಬಟ್ಟೆ, ಒಂದು ರೇಡಿಯೋ, ಅಂಗೈಯಗಲದ ಒಂದು ನೀಲಿ ಗಾಜು. ವಿದ್ಯುತ್ ಸ್ಥಾವರದ ಬಾಯ್ಲರಿನ ಕಿಂಡಿಯಲ್ಲಿ ಬೆಂಕಿಯ ಬಣ್ಣ ನೋಡುವಾಗ ಕಣ್ಣಿಗೆ ಅಡ್ಡ ಹಿಡಿಯುತ್ತಿದ್ದ ಗಾಜು ಅದು. ಅದನ್ನು ಕಿಟಕಿಯಲ್ಲಿ ಇಟ್ಟಿದ್ದಾರೆ. ಬೆಳಿಗ್ಗೆ ನೆಲದ ಮೇಲೆ ಒಂದು ನೀಲಿ ಚೌಕ ಬೀಳುತ್ತದೆ. ಕೆಲಸಕ್ಕೆ ಹೊರಡುವಾಗ ಅದನ್ನು ತುಳಿಯದೆ ಸುತ್ತು ಹಾಕಿ ಹೋಗುತ್ತೇನೆ.

ಅಪ್ಪನ ಕಣ್ಣಿನಲ್ಲಿ ನಡುಭಾಗ ಹೋಗಿದೆ, ಅಂಚು ಉಳಿದಿದೆ. ನೇರ ನೋಡಿದ್ದು ಮಂಜಿನೊಳಗೆ ಕರಗಿಹೋಗುತ್ತದಂತೆ. ನನ್ನ ಮುಖ ನೋಡಬೇಕಾದರೆ ನನ್ನ ಕಿವಿಯಾಚೆ ಎಲ್ಲೋ ನೋಡುತ್ತಾರೆ. ವಯಸ್ಸಿನಿಂದ ಬರುವ ತೊಂದರೆ ಎಂದರು ಕಣ್ಣಿನ ಡಾಕ್ಟರು. ಅಪ್ಪ ಒಪ್ಪಲಿಲ್ಲ. "ಮೂವತ್ನಾಲ್ಕು ವರ್ಷ ಬೆಂಕಿ ನೋಡಿದ ಕಣ್ಣು ಇದು. ವಯಸ್ಸಂತೆ, ವಯಸ್ಸು!"

ಇವತ್ತು ಊಟಕ್ಕೆ ಕೂತಾಗ ಕೇಳಿದರು.

"ನಿನ್ನ ಕೆಲಸ ಏನು ಅಂತ ಇವತ್ತಿನವರೆಗೂ ಸರಿಯಾಗಿ ಹೇಳೇ ಇಲ್ಲ ನೀನು."

"ಐಸ್ ಕತ್ತರಿಸ್ತೀನಿ ಅಪ್ಪ."

"ಅದು ಬೀದಿಗೆಲ್ಲ ಗೊತ್ತು. ಯಾಕೆ ಕತ್ತರಿಸ್ತೀಯ?"

"ಅದರೊಳಗಿರೋ ಹಳೇ ಗಾಳಿ ಅಳೆಯೋಕೆ."

"ಹಳೇ ಗಾಳಿ ತಗೊಂಡು ಯಾರಿಗೇನಾಗ್ಬೇಕು?"

ಸಾರು ಉಕ್ಕಿತು ಎಂದು ಸುಳ್ಳು ಹೇಳಿ ಎದ್ದೆ. ಒಲೆ ಆರಿಸಿ ಅರ್ಧ ಗಂಟೆ ಆಗಿತ್ತು.

ಒಬ್ಬಳೇ ಇದ್ದ ಮನೆಯಲ್ಲಿ ಮಾತು ನುಂಗುವ ಅಗತ್ಯ ಇರಲಿಲ್ಲ. ಈಗ ನುಂಗಿದ್ದೆಲ್ಲ ಈ ನೋಟ್‌ಬುಕ್ಕಿಗೆ ಬಂದು ಬೀಳಲಿ.

ಮಾರ್ಚ್ ೬, ಶುಕ್ರವಾರ

ಶೀತಲ ಕೋಣೆಯಲ್ಲಿ ಮೈನಸ್ ಇಪ್ಪತ್ತೈದು. ಒಂದು ಗಂಟೆ ಒಳಗೆ, ಕಾಲು ಗಂಟೆ ಹೊರಗೆ. ಹತ್ತೊಂಬತ್ತು ವರ್ಷದಿಂದ ಇದೇ ತಾಳ. ಬೀದಿಯವರು ನನ್ನನ್ನು ಐಸಕ್ಕ ಅನ್ನುತ್ತಾರೆ. ಐಸ್‌ಕ್ರೀಮ್ ಕಾರ್ಖಾನೆಯಲ್ಲಿದ್ದೇನೆ ಎಂದೇ ಅವರ ನಂಬಿಕೆ. ಒಮ್ಮೆಯೂ ಒಂದು ಡಬ್ಬ ತಂದುಕೊಡದ ಜಿಪುಣಿ ಎಂಬ ಹೆಸರೂ ಬಂದಿದೆ.

ಯಾರೂ ವಾಸಿಸದ ಹಿಮಬಯಲಿನಲ್ಲಿ ನೆಲದಾಳಕ್ಕೆ ಕೊರೆದು ತೆಗೆದ ಐಸ್ ಕಂಬಗಳು, ತೋಳಿನಷ್ಟು ದಪ್ಪ, ಬೆಳ್ಳಿಬಣ್ಣದ ಕೊಳವೆಗಳಲ್ಲಿ ಸಾಲಾಗಿ ಮಲಗಿವೆ. ಒಂದು ಬಿಲ್ಲೆ ಕೊಯ್ದು ದೀಪಕ್ಕೆ ಹಿಡಿದರೆ ಒಳಗೆ ಸಾವಿರ ಗುಳ್ಳೆ. ಬಿದ್ದ ಹಿಮದ ಸಂದಿಯಲ್ಲಿದ್ದ ಗಾಳಿ, ಮೇಲೆ ಮೇಲೆ ಹಿಮ ಬಿದ್ದು ಒತ್ತಿದಂತೆ, ದಾರಿ ಮುಚ್ಚಿ ಒಳಗೇ ಉಳಿದದ್ದು. ಆ ಬಿಲ್ಲೆಯನ್ನು ಉಕ್ಕಿನ ಡಬ್ಬಿಯಲ್ಲಿಟ್ಟು, ಈ ಕಾಲದ ಗಾಳಿಯನ್ನೆಲ್ಲ ಹೀರಿ ತೆಗೆದು, ಮೊಳೆಗಳಿಂದ ಪುಡಿ ಮಾಡುತ್ತೇನೆ. ಹಳೆಯ ಗಾಳಿ ಹೊರಬಂದು ಪಕ್ಕದ ಕೋಣೆಯ ಯಂತ್ರಕ್ಕೆ ಹೋಗುತ್ತದೆ. ಪರದೆಯ ಮೇಲೆ ಒಂದು ಅಂಕಿ ಮೂಡುತ್ತದೆ: ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟು ಅಂತ.

ಸಾವಿರ ವರ್ಷದ ಹಿಂದಿನದೂ ಇನ್ನೂರ ಎಂಬತ್ತರ ಆಚೀಚೆ. ಐನೂರರದೂ ಅಷ್ಟೇ. ಮುನ್ನೂರರದೂ. ನಿದ್ದೆಯಲ್ಲಿರುವ ಮಗುವಿನ ಉಸಿರಿನಂತೆ ಸಮ. ಆಮೇಲೆ ಜನ ಕಲ್ಲಿದ್ದಲು ಸುಡಲು ಶುರುಮಾಡಿದರು. ಅಂಕಿ ಎದ್ದು ಕೂತಿತು, ನಿಂತಿತು, ಈಗ ಓಡುತ್ತಿದೆ. ಹೊರಗಿನ ಗಾಳಿಯಲ್ಲಿ ಇವತ್ತು ನಾನೂರ ಇಪ್ಪತ್ತಕ್ಕೂ ಮೇಲೆ.

ಅವರು ಸುಟ್ಟರು, ನಾನು ಅಳೆಯುತ್ತೇನೆ. ಒಳಗಿರುವಾಗ ನನಗೆ ಈ ಗಾಳಿಯ ಜೊತೆ ಯಾವ ನಂಟೂ ಇಲ್ಲ ಅನ್ನಿಸುತ್ತದೆ. ಕೈಗವಸು ಹಾಕಿ ಮುಟ್ಟುವುದು ಅಷ್ಟೇ.

ಮಾರ್ಚ್ ೯, ಸೋಮವಾರ

ಮೇಡಂಗೆ ಗಂಟಲ ಆಪರೇಷನ್ ಆಗಿದೆ. ಎರಡು ತಿಂಗಳು ಒಂದಕ್ಷರ ಮಾತಾಡಬಾರದು. ಅವರೇ ನಮ್ಮ ಪ್ರಯೋಗಾಲಯದ ಮುಖ್ಯಸ್ಥರು. ಒಂದು ಸ್ಲೇಟು ಇಟ್ಟುಕೊಂಡಿದ್ದಾರೆ. ಮೊದಲು ಒಂದು ಗಂಟೆ ಬೈಯುತ್ತಿದ್ದವರು ಈಗ ಎರಡು ಸಾಲಿನಲ್ಲಿ ಮುಗಿಸುತ್ತಾರೆ, ಆದರೆ ಸೀಮೆಸುಣ್ಣ ಕಿರ್ರೆನ್ನುವಾಗ ಮೊದಲಿಗಿಂತ ಹೆಚ್ಚು ಭಯ.

ಇವತ್ತು ಕರೆದು ಸ್ಲೇಟು ತಿರುಗಿಸಿದರು. "ಏಪ್ರಿಲ್ ೧೯ ಭಾನುವಾರ. ಭಾಷಣ. ನೀನು."

"ನಾನಾ? ಮೇಡಂ, ನಾನು ಐಸ್ ಕುಯ್ಯೋಳು."

ಒರೆಸಿ ಬರೆದರು. "ಅದಕ್ಕೇ."

"ಎಲ್ಲಿ?"

"ನಿವೃತ್ತ ಕಾರ್ಮಿಕರ ಸಂಘ. ವಿದ್ಯುತ್ ಸ್ಥಾವರ."

ಅಪ್ಪನ ಸಂಘ. ತಿಂಗಳಿಗೊಂದು ಭಾನುವಾರ ಯಾರನ್ನಾದರೂ ಕರೆಸಿ ಕೇಳುತ್ತಾರೆ. ಹೋದ ತಿಂಗಳು ಒಬ್ಬ ಡಾಕ್ಟರು ಮಂಡಿನೋವಿನ ಬಗ್ಗೆ ಹೇಳಿ, ಕೊನೆಗೆ ಇಡೀ ಸಭೆಯಿಂದ ಕುರ್ಚಿ ಹಿಡಿದು ಬಸ್ಕಿ ಹೊಡೆಸಿದ್ದರಂತೆ. ಈ ಸಲ ವಿಷಯ: ಭೂಮಿ ಬಿಸಿಯಾಗುತ್ತಿರುವುದಕ್ಕೆ ಮನುಷ್ಯರೇ ಕಾರಣ ಎಂದು ಹೇಗೆ ಗೊತ್ತು?

ಆಗಲಿ ಎಂದು ತಲೆ ಆಡಿಸಿ ಬಂದೆ. ಯಾಕೆ ಆಡಿಸಿದೆನೋ.

ಮಾರ್ಚ್ ೧೩, ಶುಕ್ರವಾರ

ಕನಸು. ಶೀತಲ ಕೋಣೆಯ ಕಪಾಟುಗಳ ನಡುವೆ ಅಪ್ಪ ಚಪ್ಪಲಿ ಕಳಚಿ ನಡೆಯುತ್ತಿದ್ದರು. ಪ್ರತಿ ಕೊಳವೆಗೂ ಕಿವಿ ಇಟ್ಟು ಕೇಳುತ್ತಿದ್ದರು. "ಇದರಲ್ಲಿ ನಾನಿಲ್ಲ. ಇದರಲ್ಲೂ ನಾನಿಲ್ಲ." ಅವರು ಹೋದಲ್ಲೆಲ್ಲ ಐಸಿನ ಮೇಲೆ ಕಪ್ಪು ಹೆಜ್ಜೆ. ಒರೆಸಲು ಹೋದರೆ ಅದು ಕಪ್ಪಾಗಿರಲಿಲ್ಲ, ಬರೀ ನೆರಳು.

ಮಾರ್ಚ್ ೧೮, ಬುಧವಾರ

ಇವತ್ತು ಕೊಯ್ದ ಬಿಲ್ಲೆಯ ಚೀಟಿ ನೋಡಿದೆ. ಅದರೊಳಗಿನ ಗಾಳಿ ಯಾವ ವರ್ಷದ್ದೆಂದು ಬರೆದಿತ್ತು. ಅಪ್ಪ ಇಪ್ಪತ್ತೆರಡನೇ ವಯಸ್ಸಿಗೆ ಕೆಲಸಕ್ಕೆ ಸೇರಿದ ವರ್ಷ.

ಅಂಥ ಬಿಲ್ಲೆ ಮೊದಲೂ ಬಂದಿರಬೇಕು. ನಾನು ಚೀಟಿ ಓದಿರಲಿಲ್ಲ, ಅಥವಾ ಓದಿ ಮರೆತಿದ್ದೆ. ಇವತ್ತು ಅದನ್ನು ಹಿಡಿದು ದೀಪದ ಕೆಳಗೆ ತುಂಬ ಹೊತ್ತು ನಿಂತೆ. ಎಷ್ಟು ಹೊತ್ತೆಂದರೆ ರೆಪ್ಪೆಯ ಕೂದಲು ಅಂಟಿಕೊಂಡವು. ಆ ಗುಳ್ಳೆಗಳು ಮುಚ್ಚಿಕೊಂಡ ಕಾಲಕ್ಕೆ ಅಪ್ಪನ ತಲೆ ತುಂಬ ಕೂದಲಿತ್ತು, ಅಮ್ಮ ಇನ್ನೂ ಅವರನ್ನು ನೋಡಿರಲಿಲ್ಲ, ನಾನು ಯಾವ ಲೆಕ್ಕದಲ್ಲೂ ಇರಲಿಲ್ಲ.

ಮುನ್ನೂರ ಇಪ್ಪತ್ತೇಳು.

ಅವರು ಕೆಲಸ ಬಿಟ್ಟ ವರ್ಷದ ಗಾಳಿಗೆ ಐಸು ಬೇಕಿಲ್ಲ. ಬೆಟ್ಟದ ತುದಿಯಲ್ಲಿ ಕೂತು ದಿನವೂ ಗಾಳಿಯನ್ನೇ ನೇರ ಅಳೆದವರಿದ್ದಾರೆ. ಮುನ್ನೂರ ಎಂಬತ್ತೊಂದು. ಕಾಗದದ ಮೇಲೆ ಎರಡೂ ಬರೆದು, ನಡುವೆ ಒಂದು ಗೆರೆ ಎಳೆದೆ. ಆಮೇಲೆ ಆ ಕಾಗದವನ್ನು ಮಡಚಿ ಕೋಟಿನ ಜೇಬಿನಲ್ಲಿಟ್ಟೆ, ಕದ್ದವಳ ಹಾಗೆ.

ಮಾರ್ಚ್ ೨೨, ಭಾನುವಾರ

ಅಳತೆಗೆ ಬೇಡವಾದ ತುಂಡುಗಳನ್ನು ಎಸೆಯುತ್ತೇವೆ. ನಿನ್ನೆ ಒಂದನ್ನು ಫ್ಲಾಸ್ಕಿಗೆ ಹಾಕಿ ತಂದೆ. ಆರುನೂರು ವರ್ಷ ಹಳೆಯದು. ಬೆಳಗಿನ ಚಹಾ ಆದ ಮೇಲೆ ಅಪ್ಪನ ಮುಂದೆ ಒಂದು ಲೋಟ ನೀರಿಟ್ಟು ಅದರಲ್ಲಿ ತುಂಡು ಬಿಟ್ಟೆ.

"ಕೇಳಿ."

ಚಿಟ್, ಚಿಟ್ ಎಂದಿತು. ಆಮೇಲೆ ಸಣ್ಣ ಮಳೆಯ ಹಾಗೆ. ಒತ್ತಿಕೊಂಡಿದ್ದ ಗುಳ್ಳೆಗಳು ಒಡೆಯುವ ಸದ್ದು. ಅಪ್ಪ ಲೋಟದ ಮೇಲೆ ಬಾಗಿದರು. ಕಣ್ಣು ಮುಚ್ಚಿದರು.

"ಯಾರೋ ಮಾತಾಡೋಕೆ ಬಾಯಿ ತೆಗೆದ ಹಾಗಿದೆ."

"ಆರುನೂರು ವರ್ಷದ ಹಿಂದಿನ ಗಾಳಿ ಅಪ್ಪ."

ಮೂಗು ಹತ್ತಿರ ತಂದು ಉಸಿರೆಳೆದರು. ಇನ್ನೊಮ್ಮೆ ಎಳೆದರು. "ಏನೂ ವಾಸನೆ ಇಲ್ಲ." ಆಮೇಲೆ ನಕ್ಕರು. "ನಾವ್ಯಾರೂ ಇನ್ನೂ ಬಂದಿಲ್ಲ, ಅಲ್ವಾ?"

ಕಿಟಕಿಯಿಂದ ಬಿಸಿಲು ಲೋಟಕ್ಕೆ ಬೀಳುತ್ತಿತ್ತು. ತುಂಡು ಸಣ್ಣಗಾಗುತ್ತಾ ಹೋಗಿ ಒಂದು ಉಗುರಿನಷ್ಟಾಯಿತು, ಆಮೇಲೆ ಬರೀ ನೀರು. ಎಷ್ಟೋ ಹೊತ್ತಾದ ಮೇಲೆ ಅಪ್ಪ ಆ ನೀರನ್ನು ಕುಡಿದುಬಿಟ್ಟರು. "ಎಸೆಯೋಕೆ ಮನಸ್ಸು ಬರ್ಲಿಲ್ಲ ಕಣಮ್ಮ."

ಇವತ್ತು ಹೇಳಬಹುದಿತ್ತು. ಹೇಳಲಿಲ್ಲ. ಸಂಘದಲ್ಲಿ ಭಾಷಣ ನನ್ನದೇ ಎಂದಷ್ಟೇ ಹೇಳಿದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಆಗಲೇ ಕ್ರೇನ್ ಚಿಕ್ಕಪ್ಪನಿಗೆ ಫೋನು ಮಾಡಿದರು. ಕ್ರೇನ್ ಚಿಕ್ಕಪ್ಪ ರಕ್ತಸಂಬಂಧವಲ್ಲ. ಕಲ್ಲಿದ್ದಲ ಅಂಗಳದಲ್ಲಿ ಕ್ರೇನ್ ನಡೆಸುತ್ತಿದ್ದವರು, ಅಪ್ಪನ ಜೀವದ ಗೆಳೆಯ, ನನ್ನನ್ನು ಎತ್ತಿ ಆಡಿಸಿದವರು. "ನನ್ನ ಮಗಳು ಕಣಯ್ಯಾ ಭಾಷಣ ಮಾಡೋದು. ಮುಂದಿನ ಸಾಲು ಹಿಡಿದಿಡು," ಎಂದು ಅಪ್ಪ ಕೂಗುತ್ತಿದ್ದರೆ ನಾನು ಲೋಟ ತೊಳೆಯುತ್ತಿದ್ದೆ.

ಮಾರ್ಚ್ ೨೯, ಭಾನುವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ಮಲಗಲಾರೆ.

ಭಾಷಣ ಓದಿ ತೋರಿಸು ಎಂದು ವಾರದಿಂದ ಹಿಂದೆ ಬಿದ್ದಿದ್ದರು. ಮಧ್ಯಾಹ್ನ ಓದಿದೆ. ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತು, ಗೋಡೆ ಕಡೆ ನೋಡುತ್ತಾ ಕೇಳಿದರು. ಐಸು, ಗುಳ್ಳೆ, ಇನ್ನೂರ ಎಂಬತ್ತು. ಎಲ್ಲಕ್ಕೂ "ಹೂಂ, ಹೂಂ." ನಾಲ್ಕನೇ ಪುಟದಿಂದ ಆರನೆಯದಕ್ಕೆ ಹೋದೆ.

"ನಿಲ್ಲು," ಎಂದರು. "ಒಂದು ಪುಟ ಹಾರಿಸಿದೆ."

"ಇಲ್ಲ ಅಪ್ಪ."

"ಕಾಗದ ತಿರುವಿದ ಸದ್ದು ಎರಡು ಸಲ ಬಂತು. ಕಣ್ಣು ಹೋಗಿರಬಹುದು ನನಗೆ. ಓದು."

ಓದಿದೆ. ಗಾಳಿಗೆ ಸೇರಿದ ಹೆಚ್ಚಿನ ಇಂಗಾಲ ಎಲ್ಲಿಂದ ಬಂತೆಂದು ಗುರುತು ಹಿಡಿಯಬಹುದು. ಇಂಗಾಲದಲ್ಲಿ ಹಗುರದ್ದು, ಭಾರದ್ದು ಎಂದು ಬಗೆಗಳಿವೆ. ಗಿಡಗಳು ಹಗುರದ್ದನ್ನು ಆರಿಸಿ ತಿನ್ನುತ್ತವೆ. ಕಲ್ಲಿದ್ದಲೆಂದರೆ ಕೋಟ್ಯಂತರ ವರ್ಷದ ಹಿಂದಿನ ಗಿಡ. ಗಾಳಿಯಲ್ಲಿ ಈಗ ಹೆಚ್ಚಾಗುತ್ತಿರುವುದು ಆ ಹಗುರ ಇಂಗಾಲವೇ. ಇನ್ನೊಂದು ಬಗೆಯಿದೆ, ಕಾಲ ಕಳೆದಂತೆ ಸವೆದುಹೋಗುವುದು. ಜೀವಂತ ಗಿಡದಲ್ಲಿ ಅದು ಇರುತ್ತದೆ, ಕಲ್ಲಿದ್ದಲಲ್ಲಿ ಸವೆದು ಮುಗಿದಿರುತ್ತದೆ. ನಾವು ಕಲ್ಲಿದ್ದಲು, ಎಣ್ಣೆ ಸುಡುತ್ತಾ ಹೋದಂತೆ ಗಾಳಿಯಲ್ಲಿ ಅದರ ಪಾಲು ತೆಳುವಾಯಿತು. ಎರಡು ಗುರುತೂ ಒಂದೇ ಕಡೆ ಬೆರಳು ತೋರಿಸುತ್ತವೆ. ಇದು ನೆಲದಡಿ ಮಲಗಿದ್ದನ್ನು ತೆಗೆದು ಸುಟ್ಟ ಹೊಗೆ.

ಅಪ್ಪ ಗೋಡೆಯಿಂದ ನನ್ನ ಕಡೆ ತಿರುಗಿದರು.

"ಅಂದ್ರೆ, ನಾನು."

"ನೀವೊಬ್ಬರೇ ಅಲ್ಲ ಅಪ್ಪ. ಜಗತ್ತಿನ ತುಂಬ..."

"ಜಗತ್ತಿನ ತುಂಬ ಇರೋರು ನಿನ್ನ ಮುಂದೆ ಕೂತಿಲ್ಲ. ನಾನು ಕೂತಿದ್ದೀನಿ." ಕುರ್ಚಿಯ ಕೈ ತಡಕಿ ಎದ್ದರು. "ಹತ್ತೊಂಬತ್ತು ವರ್ಷದಿಂದ ಗೊತ್ತಿತ್ತು ನಿನಗೆ. ಒಂದು ದಿನ ಹೇಳಲಿಲ್ಲ. ನಾನು ಅಷ್ಟು ದಡ್ಡ ಅಂದ್ಕೊಂಡೆಯಾ, ಇಲ್ಲ ಅಷ್ಟು ಪಾಪದವನು ಅಂದ್ಕೊಂಡೆಯಾ?"

ನಾನು ಪುಟಗಳನ್ನು ಜೋಡಿಸತೊಡಗಿದೆ, ಐದನೆಯದನ್ನು ಅದರ ಜಾಗಕ್ಕೆ ಸೇರಿಸಿ.

ಮಾರ್ಚ್ ೩೦, ಸೋಮವಾರ

ಕೆಲಸದಿಂದ ಬರುವಷ್ಟರಲ್ಲಿ ಅಪ್ಪ ಇಲ್ಲ. ಕ್ರೇನ್ ಚಿಕ್ಕಪ್ಪ ಬಂದು ಕರೆದುಕೊಂಡು ಹೋಗಿದ್ದಾರೆ. ರೇಡಿಯೋ ಇಲ್ಲ. ಗಾಜು ಇದೆ.

ಏಪ್ರಿಲ್ ೨, ಗುರುವಾರ

ಕ್ರೇನ್ ಚಿಕ್ಕಪ್ಪನ ಫೋನು. "ನಿಮ್ಮಪ್ಪ ನನ್ನ ಸೋಫಾ ಮೇಲೆ ಕೂತು ಮೂರು ದಿನ ಆಯ್ತು. ಊಟ ಸರಿಯಾಗಿ ಮಾಡ್ತಿದ್ದಾನೆ, ಆ ಚಿಂತೆ ಬೇಡ. ನನ್ನ ಪಾಲೂ ತಿಂತಿದ್ದಾನೆ. ಆದ್ರೆ ಮಾತಿಲ್ಲ ಕಣಮ್ಮ. ಏನಂದೆ ನೀನು ಅವನಿಗೆ?"

"ನಿಜ ಹೇಳ್ದೆ ಚಿಕ್ಕಪ್ಪ."

"ಅಯ್ಯೋ, ಅದನ್ನ ಯಾಕೆ ಹೇಳೋಕೆ ಹೋದೆ?"

ಅವರು ತಮಾಷೆಗೆ ಅಂದದ್ದು. ನಾನು ಫೋನು ಇಟ್ಟು ಅತ್ತೆ.

ಏಪ್ರಿಲ್ ೬, ಸೋಮವಾರ

ಮೇಡಂ ಕೋಣೆಗೆ ಹೋಗಿ, ಭಾಷಣಕ್ಕೆ ಬೇರೆ ಯಾರನ್ನಾದರೂ ಕಳಿಸಿ ಎಂದೆ. ಕಾರಣ ಕೇಳಿದರು, ಹುಬ್ಬಿನಿಂದ. ಎಲ್ಲ ಹೇಳಿದೆ. ಇಷ್ಟು ವರ್ಷದಲ್ಲಿ ಅವರ ಮುಂದೆ ಇಷ್ಟು ಮಾತಾಡಿದ್ದು ಇದೇ ಮೊದಲು. ಅವರಿಗೆ ನಡುವೆ ಬಾಯಿ ಹಾಕಲಾಗದ್ದು ಎಷ್ಟು ಅನುಕೂಲವಾಯಿತು!

ಬೇಡ ಅಂದರೆ ಬೇಡ, ಬೇರೆಯವರು ಹೋಗಲಿ ಎಂದು ಬರೆದರು. ಒರೆಸಿದರು. ಆಮೇಲೆ ನಿಧಾನವಾಗಿ: "ನಿಮ್ಮಪ್ಪನಿಗೆ ಬೇಜಾರಾಗಿದ್ದು ಸತ್ಯಕ್ಕಲ್ಲ. ಹಾರಿಸಿದ ಪುಟಕ್ಕೆ."

ಸೀಮೆಸುಣ್ಣದ ಪುಡಿ ಮೇಜಿನ ಮೇಲೆ ಬಿದ್ದಿತ್ತು. ಹೊರಗೆ ಮರಗಳು ನಾನು ಚಿಕ್ಕವಳಿದ್ದಾಗಿಗಿಂತ ಎರಡು ವಾರ ಮೊದಲೇ ಹೂ ಬಿಟ್ಟು ನಿಂತಿದ್ದವು. ಎಷ್ಟು ಚೆಂದ ಕಂಡವೆಂದರೆ, ಅದು ಯಾಕೆ ಹಾಗೆ ಎಂದು ಗೊತ್ತಿರುವುದೇ ಒಂದು ಅಪರಾಧ ಅನ್ನಿಸಿತು.

ಏಪ್ರಿಲ್ ೧೧, ಶನಿವಾರ

ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಅಪ್ಪ! ಕಂಕುಳಲ್ಲಿ ರೇಡಿಯೋ. ಕೆಳಗಿನ ಮೆಟ್ಟಿಲವರೆಗೆ ಚಿಕ್ಕಪ್ಪ ಬಂದು ಬಿಟ್ಟು ಹೋಗಿದ್ದರು.

"ಚಹಾ ಇಡು," ಎಂದರು. "ಕೇಳೋದಿದೆ."

ಕಂಟ್ರೋಲ್ ರೂಮಿನಲ್ಲಿ ಪಾಳಿ ವಹಿಸಿಕೊಳ್ಳುವಾಗ ಹಿಂದಿನವರನ್ನು ಕೇಳುತ್ತಿದ್ದ ಧ್ವನಿ ಅದು. ನಾನು ಚಿಕ್ಕವಳಿದ್ದಾಗ ಫೋನಿನಲ್ಲಿ ಕೇಳಿದ್ದೆ.

"ಜ್ವಾಲಾಮುಖಿ ಇದೆಯಲ್ಲ. ಅದರ ಹೊಗೆ ಯಾಕಾಗಿರಬಾರದು?"

"ಅದರ ಇಂಗಾಲ ಅಷ್ಟು ಹಗುರ ಅಲ್ಲ ಅಪ್ಪ. ಮತ್ತೆ, ವರ್ಷಕ್ಕೆ ಜ್ವಾಲಾಮುಖಿಗಳೆಲ್ಲ ಸೇರಿ ಬಿಡೋದು ನಾವು ಬಿಡೋದರಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ."

"ಸಮುದ್ರದಿಂದ ಎದ್ದು ಬಂದಿರಬಹುದು."

"ಹಾಗಿದ್ರೆ ಸಮುದ್ರದಲ್ಲಿ ಕಡಿಮೆ ಆಗ್ಬೇಕಿತ್ತು. ಅಲ್ಲೂ ಜಾಸ್ತಿ ಆಗ್ತಿದೆ. ಇನ್ನೊಂದು ಇದೆ. ಗಾಳಿಯಲ್ಲಿ ಆಮ್ಲಜನಕ ಚೂರು ಚೂರೇ ಇಳೀತಿದೆ. ಉಸಿರಾಟಕ್ಕೆ ತೊಂದರೆ ಆಗೋಷ್ಟಲ್ಲ, ಅಳೆದ್ರೆ ಗೊತ್ತಾಗೋಷ್ಟು. ಏನಾದ್ರೂ ಉರಿದಾಗ ತಾನೇ ಅದು ಇಳಿಯೋದು?"

ಅಪ್ಪ ಚಹಾ ಲೋಟವನ್ನು ಸುತ್ತು ತಿರುಗಿಸಿದರು. ಉರಿಯುವುದರ ವಿಷಯ ಅವರಿಗೆ ನಾನು ಹೇಳಿಕೊಡಬೇಕಿಲ್ಲ.

"ಸೂರ್ಯ? ಸೂರ್ಯನೇ ಜೋರಾಗಿ ಉರೀತಿರಬಹುದಲ್ಲ?"

"ನಲವತ್ತು ವರ್ಷಕ್ಕೂ ಮೇಲೆ ಉಪಗ್ರಹ ಇಟ್ಟು ಅಳೆದಿದ್ದಾರೆ. ಏರಿಲ್ಲ. ಸೂರ್ಯನಿಂದ ಆಗಿದ್ರೆ ಆಕಾಶದ ಮೇಲಿನ ಪದರವೂ ಕಾಯ್ಬೇಕಿತ್ತು. ಅದು ತಣ್ಣಗಾಗ್ತಿದೆ. ಕೆಳಗಿನದು ಮಾತ್ರ ಕಾಯ್ತಿದೆ."

"ಕಂಬಳಿ ಹೊದ್ದ ಹಾಗೆ."

"ಹೂಂ. ಒಳಗೆ ಸೆಖೆ, ಹೊರಗೆ ತಣ್ಣಗೆ."

ಹೀಗೆ ಹನ್ನೊಂದು ಗಂಟೆಯವರೆಗೆ. ನನಗೆ ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ. ಮುಂದಿನ ಐವತ್ತು ವರ್ಷದಲ್ಲಿ ನಮ್ಮ ಊರಿನ ಮಳೆ ಏನಾಗುತ್ತದೆ ಎಂದು ಕೇಳಿದಾಗ, ಖಚಿತ ಹೇಳಲಾಗದು ಎಂದೆ. ಆ ಉತ್ತರ ಅವರಿಗೆ ಎಲ್ಲಕ್ಕಿಂತ ಹಿಡಿಸಿದಂತೆ ಕಂಡಿತು. "ಗೊತ್ತಿಲ್ಲ ಅನ್ನೋರ ಮಾತು ನಂಬಬಹುದು," ಎಂದರು.

ಕೊನೆಗೆ ನಾನೇ ಹೇಳಿದೆ. "ಅಪ್ಪ, ಹೇಳದೆ ಇದ್ದದ್ದು ತಪ್ಪಾಯ್ತು."

"ಆಯ್ತು." ಖಾಲಿ ಲೋಟ ಪಕ್ಕಕ್ಕಿಟ್ಟು, "ನಾನೂ ಕೇಳ್ಬಹುದಿತ್ತು. ನಿನ್ನ ಬಾಯಿಂದ ಏನು ಬರುತ್ತೋ ಅಂತ ನಾನೂ ಸಾರು ಉಕ್ಕಿಸ್ಕೊಂಡು ಕೂತಿದ್ದೆ."

ಗೊತ್ತಾಗಿತ್ತು ಹಾಗಾದರೆ!

ಏಪ್ರಿಲ್ ೧೪, ಮಂಗಳವಾರ

ಕೆಲಸ ಜಾಸ್ತಿ. ನಾವು ಸಂಜೆ ನಡೆಯಲು ಹೋಗುತ್ತಿದ್ದೇವೆ. ಅಪ್ಪ ನನ್ನ ಮೊಣಕೈ ಹಿಡಿಯುತ್ತಾರೆ. ಗಾಳಿ ಮುಖಕ್ಕೆ ಬಂದಾಗ ಇಬ್ಬರೂ ಒಂದೇ ಸಲ ಸುಮ್ಮನಾಗುತ್ತೇವೆ.

ಏಪ್ರಿಲ್ ೧೯, ಭಾನುವಾರ

ಆಯಿತು. ಮುಗಿಯಿತು. ಈಗಲೇ ಬರೆಯಬೇಕು.

ಸಂಘದ ಹಾಲ್ ಉದ್ದನೆಯ ಕೋಣೆ. ಮರದ ಕುರ್ಚಿ, ಎತ್ತರದ ಕಿಟಕಿ, ಗೋಡೆಯ ಮೇಲೆ ಸಾಲು ಸಾಲು ಹಳೆಯ ಪಾಳಿಗಳ ಫೋಟೋ. ಎಂಬತ್ತು ಜನ ಬಂದಿದ್ದರು. ಎಲ್ಲ ಬಿಳಿತಲೆ. ಎಷ್ಟೋ ಜನ ಕೆಮ್ಮುತ್ತಿದ್ದರು. ಮೇಡಂ ಹಿಂದಿನ ಸಾಲಿನಲ್ಲಿ ಸ್ಲೇಟು ತಬ್ಬಿಕೊಂಡು ಕೂತಿದ್ದರು. ಅಪ್ಪ, ಕ್ರೇನ್ ಚಿಕ್ಕಪ್ಪ ಮುಂದಿನ ಸಾಲಿನಲ್ಲಿ.

ನಾನು ಕಾಗದ ನೋಡಿಯೇ ಓದಿದೆ. ಒಂದು ಪುಟವನ್ನೂ ಹಾರಿಸಲಿಲ್ಲ. ಐದನೇ ಪುಟ ಬಂದಾಗ ಕೆಮ್ಮು ನಿಂತಿತು. ಕಿಟಕಿಯ ಬಿಸಿಲು ಕುರ್ಚಿಗಳ ಮೇಲೆ ಓರೆಯಾಗಿ ಬಿದ್ದಿತ್ತು, ಅದರಲ್ಲಿ ಧೂಳು ತೇಲುತ್ತಿತ್ತು. ಒಂದು ಕ್ಷಣ ನನಗೆ ನಾವೆಲ್ಲ ಒಂದು ದೊಡ್ಡ ಗುಳ್ಳೆಯೊಳಗೆ ಕೂತಿದ್ದೇವೆ ಅನ್ನಿಸಿತು. ಮಾತು ನನ್ನಿಂದಲ್ಲ, ಎಲ್ಲೋ ದೂರದಿಂದ ಬರುತ್ತಿತ್ತು.

ಓದಿ ಮುಗಿಸಿದೆ. ಚಪ್ಪಾಳೆ ಇಲ್ಲ. ಚಿಕ್ಕಪ್ಪ ಎದ್ದು ನಿಂತರು. ಜೀವನದಲ್ಲಿ ಒಂದು ಮಾತನ್ನೂ ತಮಾಷೆ ಇಲ್ಲದೆ ಆಡದ ಮನುಷ್ಯ. ಅವರ ಕತ್ತಿನ ನರ ಉಬ್ಬಿತ್ತು.

"ನಿನ್ನನ್ನ ಎತ್ತಿ ಆಡಿಸಿದೋನು ನಾನು, ಅದಕ್ಕೇ ಕೇಳ್ತೀನಿ. ಇಲ್ಲಿ ಕೂತಿರೋರೆಲ್ಲ ಊರಿಗೆ ದೀಪ ಕೊಟ್ಟೋರು. ಆಸ್ಪತ್ರೆಗೆ ಕೊಟ್ಟೋರು. ಬೆನ್ನು ಮುರ್ಕೊಂಡೋರು, ಶ್ವಾಸ ಕೆಡಿಸ್ಕೊಂಡೋರು. ಈಗ ನೀನು ಬಂದು ಅದೇ ಕೈಯ ಬೆರಳಚ್ಚು ಸಿಕ್ಕಿದೆ ಅಂತೀಯ. ಅಂದ್ರೆ ನಾವೆಲ್ಲ ಕಳ್ರಾ?"

ಇದಕ್ಕೆ ನನ್ನ ಯಾವ ಪುಟದಲ್ಲೂ ಉತ್ತರವಿರಲಿಲ್ಲ. ಅಂಕಿ ಇತ್ತು, ಗೆರೆ ಇತ್ತು. ಹಾಲ್ ತುಂಬ ಗುಸುಗುಸು ಎದ್ದಿತು.

ಆಗ ಅಪ್ಪ ಎದ್ದರು. ಚಿಕ್ಕಪ್ಪನ ಹೆಗಲು ಹಿಡಿದು ಎದ್ದು, ಸಭೆಯ ಕಡೆ ತಿರುಗಿದರು. ಅವರಿಗೆ ಯಾರ ಮುಖವೂ ಕಾಣುತ್ತಿರಲಿಲ್ಲ.

"ಕೆಲಸಕ್ಕೆ ಸೇರಿದ ಮೊದಲ ವಾರ ಫೋರ್‌ಮನ್ನ ಕೇಳಿದ್ದೆ," ಎಂದರು. "ಸಾರ್, ಗಂಟೆಗೆ ನೂರು ಟನ್ ಕಲ್ಲಿದ್ದಲು ಒಳಗೆ ಹೋಗುತ್ತೆ. ಬೂದಿ ಬರೋದು ಹದಿನೈದು ಟನ್. ಉಳಿದ ಎಂಬತ್ತೈದು ಎಲ್ಲಿ ಹೋಯ್ತು? ಅವರು ಹೆಬ್ಬೆರಳು ಮೇಲಕ್ಕೆ ತೋರಿಸಿದ್ರು. ಅಷ್ಟೇ. ಮೇಲೆ ಅಂದ್ರೆ ಎಲ್ಲಿ ಅಂತ ನಾನು ಕೇಳಲಿಲ್ಲ. ಮೂವತ್ನಾಲ್ಕು ವರ್ಷ ಕೇಳಲಿಲ್ಲ. ನೀವು ಯಾರಾದ್ರೂ ಕೇಳಿದ್ರಾ?"

ಅಪ್ಪ ತಮ್ಮ ಹೆಬ್ಬೆರಳನ್ನು ಮೇಲಕ್ಕೆತ್ತಿ ತೋರಿಸಿದರು.

"ಮೇಲೆ ಹೋದದ್ದು ಇಲ್ಲ ಆಯ್ತು ಅಂದ್ಕೊಂಡ್ವಿ. ಬಾಯ್ಲರ್ ನಡೆಸಿದೋರು ನಾವು. ಇದ್ದದ್ದು ಇಲ್ಲ ಆಗಲ್ಲ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀರು ಹಾಕಿದ್ರೆ ಆವಿ, ಆವಿ ತಣಿದ್ರೆ ನೀರು. ಒಂದು ಚಮಚ ಕಡಿಮೆ ಆದ್ರೂ ಎಲ್ಲಿ ಸೋರ್ತಿದೆ ಅಂತ ಹುಡುಕ್ತಿದ್ವಿ. ಹೊಗೆ ಮಾತ್ರ ಬಿಟ್ವಿ. ಆ ಎಂಬತ್ತೈದು ಟನ್ ಎಲ್ಲಿದೆ ಅಂತ ನನ್ನ ಮಗಳು ಹುಡುಕಿದ್ದಾಳೆ. ಕಳ್ಳ ಅಂತ ಅವಳು ಅಂದಿಲ್ಲ. ಗೊತ್ತಿಲ್ಲದೆ ಮಾಡಿದ್ದು ಕಳ್ಳತನ ಅಲ್ಲ ಕಣ್ರಯ್ಯಾ. ಗೊತ್ತಾದ ಮೇಲೂ ಇಲ್ಲ ಅಂತ ಕೂತ್ರೆ, ಆಗ ಕಳ್ರು."

"ಅಪ್ಪ," ಎಂದೆ. ಮೈಕು ಹಿಡಿದಿದ್ದೇನೆಂಬ ನೆನಪಿರಲಿಲ್ಲ. "ಎಂಬತ್ತೈದು ಅಲ್ಲ. ಮೇಲೆ ಹೋಗೋವಾಗ ಗಾಳಿಯ ಆಮ್ಲಜನಕ ಸೇರ್ಕೊಳ್ಳುತ್ತಲ್ಲ, ಅದಕ್ಕೆ ತೂಕ ಹೆಚ್ಚಾಗುತ್ತೆ. ಇನ್ನೂರು ಟನ್ನಿಗೂ ಮೀರುತ್ತೆ."

ಅಪ್ಪ ನನ್ನ ಕಿವಿಯಾಚೆ ನೋಡಿದರು. ಆಮೇಲೆ ಸಭೆಗೆ: "ನೋಡಿದ್ರಾ? ಮನೇಲೂ ಹೀಗೇ."

ಮೊದಲು ನಕ್ಕವರು ಚಿಕ್ಕಪ್ಪ. ಆಮೇಲೆ ಹಾಲ್ ಪೂರ್ತಿ ನಕ್ಕಿತು, ನಕ್ಕು ಕೆಮ್ಮಿತು. ಹಾಗೆಂದು ಎಲ್ಲ ಸರಿಹೋಯಿತು ಎಂದೇನಲ್ಲ. ಹತ್ತು ಹನ್ನೆರಡು ಜನ ಚಹಾ ಕುಡಿಯದೆ ಎದ್ದು ಹೋದರು. ಒಬ್ಬರು ಬಾಗಿಲಲ್ಲಿ ನಿಂತು, "ಮಗಳ ಪರ ಮಾತಾಡದ ಅಪ್ಪ ಯಾರಿದ್ದಾನೆ?" ಎಂದು ಅಪ್ಪನಿಗೆ ಕೇಳುವಂತೆಯೇ ಅಂದರು. ಅಪ್ಪ ಆ ಕಡೆ ತಿರುಗಲಿಲ್ಲ. ಉಳಿದವರು ನನ್ನನ್ನು ಸುತ್ತಿಕೊಂಡರು. ಬೂದಿ ವಿಭಾಗದಲ್ಲಿದ್ದವರೊಬ್ಬರು ಹದಿನೈದಲ್ಲ, ಒಳ್ಳೆಯ ಕಲ್ಲಿದ್ದಲು ಬಂದ ದಿನ ಹನ್ನೆರಡೇ ಇರುತ್ತಿತ್ತು ಎಂದು ಅಪ್ಪನ ಜೊತೆ ಜಗಳಕ್ಕೇ ನಿಂತರು.

ಮೇಡಂ ದೂರದಿಂದ ಸ್ಲೇಟು ಎತ್ತಿ ತೋರಿಸಿದರು. ಅದರಲ್ಲಿ ಏನೂ ಬರೆದಿರಲಿಲ್ಲ. ಬರೆಯಲು ಮರೆತಿದ್ದರು.

ಏಪ್ರಿಲ್ ೨೬, ಭಾನುವಾರ

ಬೆಳಿಗ್ಗೆ ಚಿಕ್ಕಪ್ಪ ಒಂದು ಚೀಲ ಕಿತ್ತಳೆ ಹಿಡಿದು ಬಂದರು. ಮುಖ ಕೊಟ್ಟು ಮಾತಾಡಲು ಸಂಕೋಚ. "ಸಿಹಿಯಾಗಿದೆ, ತಿನ್ನಿ," ಎಂದು ನಾಲ್ಕು ಸಲ ಹೇಳಿದರು. ಆಮೇಲೆ ಅಪ್ಪನ ಪಕ್ಕ ಕೂತರು. ಅಪ್ಪನಿಗೆ ರಾತ್ರಿಯೆಲ್ಲ ಅದೇ ಯೋಚನೆಯಂತೆ. ಸ್ಥಾವರ ಮುಚ್ಚಿದಾಗ ಪಾಳಿ ಪುಸ್ತಕಗಳು ಎಲ್ಲಿ ಹೋದವೋ ಯಾರಿಗೂ ಗೊತ್ತಿಲ್ಲ. ತಮ್ಮ ತಲೆಯಲ್ಲಿರುವುದನ್ನಾದರೂ ಬರೆದಿಡಬೇಕು. ಕಣ್ಣು ಹೋಯಿತು, ನೆನಪು ಹೋಗುವ ಮೊದಲು.

"ಇದರಿಂದ ನಿಮ್ಮ ಮೇಡಂಗೆ ಏನಾದ್ರೂ ಉಪಯೋಗ ಇದೆಯಾ?" ಎಂದು ಕೇಳಿದರು.

ಇಲ್ಲ ಎಂದೆ. ಇಡೀ ದೇಶ ಎಷ್ಟು ಸುಟ್ಟಿತೆಂಬ ಲೆಕ್ಕ ಅವರ ಬಳಿ ಆಗಲೇ ಇದೆ.

"ಆದ್ರೂ ಬರ್ಕೋ."

ಈ ನೋಟ್‌ಬುಕ್ಕಿನಲ್ಲೇ ಹಿಂದಿನಿಂದ ತೆಗೆದು ಬರೆದುಕೊಳ್ಳುತ್ತಿದ್ದೇನೆ. ಅಪ್ಪ ಹೇಳಿದರು, ಚಿಕ್ಕಪ್ಪ ತಿದ್ದಿದರು. ಯಾವ ತಿಂಗಳು ಕಲ್ಲಿದ್ದಲು ಪುಡಿಮಾಡುವ ಮಿಲ್ ಎಷ್ಟು ಓಡಿದವು, ಯಾವ ವಾರ ಕಲ್ಲಿದ್ದಲು ಒದ್ದೆಯಾಗಿ ಬಂತು, ಗಂಟೆಗೆ ಎಷ್ಟು ಟನ್. ಚಿಕ್ಕಪ್ಪ ಹೇಳುವಾಗ ಅವರ ಎರಡು ಕೈ ಗಾಳಿಯಲ್ಲಿ ಕಾಣದ ಲಿವರುಗಳನ್ನು ಎಳೆಯುತ್ತಿದ್ದವು. ಕೋಣೆ ತುಂಬ ಕಿತ್ತಳೆ ಸಿಪ್ಪೆಯ ವಾಸನೆ. ಮಾತು ನಿಧಾನ, ಬಿಸಿಲು ನಿಧಾನ, ನನ್ನ ಪೆನ್ನೂ ನಿಧಾನ. ಎಷ್ಟು ಪುಟ ಆಯಿತೆಂದು ನೋಡಲಿಲ್ಲ.

"ಆಮೇಲೆ ಆ ದೊಡ್ಡ ಚಳಿಗಾಲ," ಎಂದರು ಅಪ್ಪ. "ಐದು ಮಿಲ್ಲೂ ಓಡ್ತಿದ್ವು. ಮೂರು ವಾರ ನಾನು ಮನೆಗೆ ಸರಿಯಾಗಿ ಬಂದಿಲ್ಲ. ಗಂಟೆಗೆ ನೂರಾ ಹದಿನೆಂಟು ಟನ್ ಅಂತ ಬರಿ."

ಬರೆದೆ. ಬರೆಯುವಾಗ ಆ ಚಳಿಗಾಲ ನೆನಪಾಯಿತು. ನನಗೆ ಏಳು ವರ್ಷ, ಬಿಡದ ಜ್ವರ. ಅಮ್ಮ ನನ್ನ ಮಂಚದ ಪಕ್ಕ ಹೀಟರ್ ಇಟ್ಟು ಒಂದು ವಾರ ಆರಿಸಿರಲಿಲ್ಲ. ಅದರ ಕೆಂಪು ತಂತಿ ನೋಡುತ್ತಾ ನೋಡುತ್ತಾ ನಿದ್ದೆ ಬರುತ್ತಿತ್ತು. ಕಿಟಕಿಯ ಹೊರಗೆ ಹಿಮ ಬಿದ್ದು ಎಲ್ಲ ಬಿಳಿ. ಒಳಗೆ ನಾನು ಬೆಚ್ಚಗೆ.

"ಅಪ್ಪ, ಇದರ ಕೆಳಗೆ ಇನ್ನೊಂದು ಸಾಲು ಸೇರಿಸ್ತೀನಿ. ನನ್ನ ಹೀಟರಿಂದು."

"ಅದು ಯಾಕೆ? ಅದೆಷ್ಟು ಮಹಾ?"

"ಎಷ್ಟಾದರೂ ಆಗ್ಲಿ. ಉರಿದಿದ್ದು ನನಗೋಸ್ಕರ."

ಅಪ್ಪ ಬಿಡಿಸುತ್ತಿದ್ದ ಕಿತ್ತಳೆಯನ್ನು ಹಾಗೇ ಹಿಡಿದು ಕೂತರು. ಚಿಕ್ಕಪ್ಪನ ಕೈಗಳೂ ನಿಂತವು.

"ಸರಿ," ಎಂದರು ಅಪ್ಪ. "ಬರಿ. ಒಂದು ಹೀಟರ್, ಏಳು ದಿನ. ಹಗಲೂ ರಾತ್ರಿ."

ಬರೆದೆ.